ಆಪರೇಟರಮ್ಮ ಮತ್ತು ನಾಲ್ಕನೇ ಝೋನಿನ ಹಳದಿ ದೀಪ

ಆಪರೇಟರಮ್ಮನಿಗೆ ಆ ಹೆಸರು ಬಂದದ್ದು ಹಳೆಯ ಮಿಲ್ಲಿನ ಟೆಲಿಫೋನ್ ಬೋರ್ಡಿನಿಂದ. ಹತ್ತೊಂಬತ್ತನೇ ವಯಸ್ಸಿಗೆ ಆ ಬೋರ್ಡಿನ ಮುಂದೆ ಕೂತವಳು ಮಿಲ್ಲು ಬಾಗಿಲು ಹಾಕುವವರೆಗೂ, ಇಪ್ಪತ್ತಾರು ವರ್ಷ, ಅಲ್ಲಿಂದ ಎದ್ದಿರಲಿಲ್ಲ. ಯಾವ ದೀಪ ಹತ್ತಿದರೆ ಯಾರ ಕರೆ, ಯಾವ ಸಾಹೇಬರು ಒಳಗಿದ್ದೂ ಇಲ್ಲವೆನ್ನಿಸುತ್ತಾರೆ, ಎಲ್ಲ ಅವಳಿಗೆ ಗೊತ್ತಿತ್ತು. ಅಷ್ಟು ವರ್ಷ ಬೇರೆಯವರ ಸುಳ್ಳಿಗೆ ಲೈನು ಕೊಟ್ಟು ಕೊಟ್ಟು, ಯಾರ ಮಾತನ್ನೂ ಮೊದಲ ಸಲಕ್ಕೆ ನಂಬದ ಅಭ್ಯಾಸ ಅಂಟಿಕೊಂಡಿತ್ತು. ಇವತ್ತಿನ ಹಾಲು ಅಂದರೂ ಮೂಸಿ ನೋಡುವಳು. ಬೀಗ ಹಾಕಿ ಜಗ್ಗಿ, ನಾಲ್ಕು ಹೆಜ್ಜೆ ಹೋಗಿ, ವಾಪಸು ಬಂದು ಮತ್ತೆ ಜಗ್ಗುವಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ, "ಮದುವೆ ದಿನ ನನ್ನನ್ನ ನೋಡಿ, ಹುಡುಗ ಇವನೇನಾ ಅಂತ ಇಬ್ಬರ ಹತ್ರ ವಿಚಾರಿಸಿದ್ಲು," ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಮಿಲ್ಲು ಮುಚ್ಚಿ ಎರಡು ವರ್ಷ ಸುಮ್ಮನೆ ಕೂತ ಮೇಲೆ ಅವಳಿಗೆ ಕೆಲಸ ಹುಡುಕಿಕೊಟ್ಟವಳು ನಾದಿನಿ. ವಿಧವೆಯಾದ ಮೇಲೆ ಅಣ್ಣನ ಮನೆಯಲ್ಲೇ ಇದ್ದ ನಾದಿನಿ, ಪೇಟೆಯ ಒಂದು ಕಟ್ಟಡದಲ್ಲಿ ಗುಡಿಸಿ ಒರೆಸುವ ಕೆಲಸಕ್ಕಿದ್ದಳು. ಕೆಳಗೆ ಔಷಧಿ ಅಂಗಡಿ, ಒಂದನೇ ಮಹಡಿಯಲ್ಲಿ ವಕೀಲರು, ಎರಡರಲ್ಲಿ ಹೊಲಿಗೆ ಕಲಿಸುವವರು, ಮೂರರಲ್ಲಿ ಹಲ್ಲಿನ ಡಾಕ್ಟರು, ನಾಲ್ಕರಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್. ಬಾಗಿಲ ಬಳಿ ಮೇಜು ಹಾಕಿಕೊಂಡು ಬಂದವರ ಹೆಸರು ಬರೆಸಿಕೊಳ್ಳಲು ಒಬ್ಬರು ಬೇಕಿತ್ತು. "ನಮ್ಮ ಅತ್ತಿಗೆ ಇದ್ದಾರೆ, ಸೊಳ್ಳೆನೂ ಕೇಳದೆ ಒಳಗೆ ಹೋಗಲ್ಲ," ಎಂದು ನಾದಿನಿ ಕಟ್ಟಡದ ಸೂಪರ್‌ವೈಸರ್‌ಗೆ ಹೇಳಿದ್ದಳು.

ಮೇಜಿನ ಹಿಂದಿನ ಗೋಡೆಯ ಮೇಲೆ ಒಂದು ಕೆಂಪು ಪೆಟ್ಟಿಗೆ ಇತ್ತು. ಫೈರ್ ಅಲಾರಂ ಪ್ಯಾನೆಲ್. ಸಾಲಾಗಿ ಪುಟ್ಟ ದೀಪಗಳು, ನಾಲ್ಕು ಬಟನ್ನು, ಅಂಗೈಯಗಲದ ಪರದೆ, ಒಂದು ಕೀಲಿ ಕಂಡಿ. ಸೂಪರ್‌ವೈಸರ್ ಅದನ್ನು ಪರಿಚಯಿಸಿದ್ದು ಒಂದೇ ವಾಕ್ಯದಲ್ಲಿ: "ಇದು ಕೂಗಿದ್ರೆ ಈ ಬಟನ್ ಒತ್ತಿ ಬಾಯಿ ಮುಚ್ಸಿ, ಆಮೇಲೆ ಇದನ್ನ ಒತ್ತಿ, ಅಷ್ಟೇ." ಕೀಲಿಗಳು ಎರಡು. ಒಂದು ಅವನ ಜೇಬಿನಲ್ಲಿ, ಇನ್ನೊಂದು ಅವಳ ಮೇಜಿನ ಡ್ರಾಯರಿನಲ್ಲಿ.

ಅಷ್ಟೇ ಎಂದವರನ್ನು ನಂಬುವವಳೇ ಅವಳು? ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಬರುವ ಪ್ಯಾನೆಲ್ ಮೆಕ್ಯಾನಿಕ್‌ಗೆ ಚಹಾ ತರಿಸಿ, ಎದುರಿಗೆ ಕೂರಿಸಿಕೊಂಡು, ಒಂದೊಂದೇ ಕೇಳಿದಳು. ಮುದುಕ ಮೆಕ್ಯಾನಿಕ್ ಖುಷಿಯಿಂದ ಹೇಳಿಕೊಟ್ಟ. ಹಸಿರು ದೀಪ ಅಂದರೆ ಕರೆಂಟ್ ಇದೆ. ಕೆಂಪು ಅಂದರೆ ಎಲ್ಲೋ ಹೊಗೆ ಕಂಡಿದೆ, ಇಲ್ಲವೇ ಯಾರೋ ಗೋಡೆಯ ಗಾಜು ಒಡೆದಿದ್ದಾರೆ. ಒಂದೊಂದು ಮಹಡಿಗೆ ಒಂದೊಂದು ಝೋನು, ಯಾವ ಝೋನಿನ ದೀಪ ಕೆಂಪಗಾಯಿತೋ ಆ ಮಹಡಿಗೆ ಓಡಬೇಕು. "ಸೈಲೆನ್ಸ್ ಒತ್ತಿದ್ರೆ ಬಾಯಿ ಮಾತ್ರ ಮುಚ್ಚತ್ತಮ್ಮ, ಬೆಂಕಿ ಆರಲ್ಲ. ಮೇಲೆ ಹೋಗಿ ನೋಡದೆ ರೀಸೆಟ್ ಒತ್ತಬೇಡಿ. ಒತ್ತಿದ್ರೆ ಅದು ಎಲ್ಲಾ ಮರೆತು ಮೊದಲಿಂದ ಶುರು ಮಾಡತ್ತೆ."

"ಈ ಹಳದಿ ಏನು?"

"ಅದರಲ್ಲಿ ಎರಡು. ಫಾಲ್ಟ್ ಅಂತ ಇರೋದು ಹತ್ತಿದ್ರೆ ವೈರೋ ಬ್ಯಾಟರಿಯೋ ಕೆಟ್ಟಿದೆ. ಡಿಸೇಬಲ್ ಅಂತ ಇರೋದು ಹತ್ತಿದ್ರೆ ಯಾವುದೋ ಝೋನನ್ನ ಯಾರೋ ಬೇಕಂತ ಕಟ್ಟಿಹಾಕಿದ್ದಾರೆ. ಆಗ ಆ ಮಹಡಿ ಉರಿದು ಬೂದಿಯಾದ್ರೂ ಇದಕ್ಕೆ ಗೊತ್ತಾಗಲ್ಲ."

ಯಾರು ಯಾವಾಗ ಏನು ಒತ್ತಿದರೂ ದಿನಾಂಕ, ಸಮಯ ಸಮೇತ ಒಳಗೆ ದಾಖಲಾಗುತ್ತದೆ, ಬಾಣದ ಬಟನ್ ಒತ್ತುತ್ತ ಹಿಂದಕ್ಕೆ ಹೋದರೆ ಕಾಣುತ್ತದೆ ಎಂದೂ ತೋರಿಸಿಕೊಟ್ಟ. ಈ ಮಾತು ಆಪರೇಟರಮ್ಮನ ಮನಸ್ಸಿಗೆ ಬಹಳ ಹಿಡಿಸಿತು. ಮನುಷ್ಯರು ಮರೆಯುತ್ತಾರೆ, ತಿರುಚುತ್ತಾರೆ, ಈ ಪೆಟ್ಟಿಗೆಗೆ ಆ ಚಾಳಿ ಇಲ್ಲ ಅಂದುಕೊಂಡಳು.

ಕೆಲಸಕ್ಕೆ ಸೇರಿದ ಎಂಟನೇ ತಿಂಗಳಲ್ಲಿ ನಾಲ್ಕನೇ ಝೋನು ಕೂಗಲು ಶುರುವಾಯಿತು. ದಿನಾ ಬೆಳಿಗ್ಗೆ ಹನ್ನೊಂದೂಕಾಲರ ಹೊತ್ತಿಗೆ. ಆಪರೇಟರಮ್ಮ ಏದುಸಿರು ಬಿಡುತ್ತ ಮೇಲೆ ಹತ್ತಿದರೆ ಅಲ್ಲಿ ಏನೂ ಇರುತ್ತಿರಲಿಲ್ಲ. ಕಿಟಕಿಗಳೆಲ್ಲ ತೆರೆದಿರುತ್ತಿದ್ದವು. ಬೈಂಡರ್ ಕೈಯಲ್ಲಿ ಗೋಂದಿನ ಬ್ರಷ್ ಹಿಡಿದು, "ನಿಮ್ಮ ಡಬ್ಬಾ ಕೆಟ್ಟಿದೆ ಆಪರೇಟರಮ್ಮ," ಎನ್ನುತ್ತಿದ್ದ. ಆದರೆ ಗಾಳಿಯಲ್ಲಿ ಬಾಚಣಿಗೆ ಒಲೆಗೆ ತಾಗಿದಂಥ ವಾಸನೆ. ಹಿಂದಿನ ಕಾಗದದ ಕೋಣೆಗೆ ಬೀಗ.

ಹಾಗೆ ಕೂಗಿದ ಒಂದು ದಿನ ಸಂಜೆ ನಾದಿನಿಯನ್ನು ಕೇಳಿದಳು. "ಆ ಹಿಂದಿನ ಕೋಣೆಯಲ್ಲಿ ಏನಿದೆ?"

ನಾದಿನಿ ಒಗೆದ ಬಟ್ಟೆ ಮಡಚುತ್ತಿದ್ದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು. "ನಂಗೇನು ಗೊತ್ತು ಅತ್ತಿಗೆ. ನಾನು ಗುಡಿಸೋಳು, ಎಣಿಸೋಳಲ್ಲ."

ಆ ಉತ್ತರ ಆಪರೇಟರಮ್ಮನ ಕಿವಿಗೆ ಸರಿಬೀಳಲಿಲ್ಲ. ಇಪ್ಪತ್ತಾರು ವರ್ಷ ಇಂಥ ದನಿಗಳನ್ನೇ ಕೇಳಿದ್ದಳಲ್ಲ.

ಆರನೇ ದಿನ ಝೋನು ಕೂಗಲಿಲ್ಲ. ಏಳನೇ ದಿನವೂ ಇಲ್ಲ. ವಕೀಲರು ಇಳಿದು ಬಂದು, "ಅಂತೂ ಸರಿಹೋಯ್ತು ನೋಡಿ," ಎಂದು ಹೋದರು. ಅವಳಿಗೆ ಮಾತ್ರ ಆ ಮೌನವೇ ತಲೆಗೆ ಹುಳ ಬಿಟ್ಟಿತು. ದಿನಾ ಅಳುವ ಕೂಸು ಇದ್ದಕ್ಕಿದ್ದಂತೆ ಸುಮ್ಮನಾದರೆ ಯಾವ ತಾಯಿ ತಾನೇ ಎದ್ದು ಹೋಗಿ ನೋಡುವುದಿಲ್ಲ? ಕನ್ನಡಕ ಏರಿಸಿಕೊಂಡು ಪ್ಯಾನೆಲ್ಲಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಹಳದಿ ದೀಪ ಹತ್ತಿತ್ತು. ಡಿಸೇಬಲ್.

ಕೀಲಿ ಹಾಕಿ ಬಾಣದ ಬಟನ್ ಒತ್ತಿದಳು. ಪರದೆಯಲ್ಲಿ ಮೂಡಿತು: ನಾಲ್ಕನೇ ಝೋನ್ ಡಿಸೇಬಲ್, ಮಂಗಳವಾರ, ಒಂಬತ್ತು ನಲವತ್ತು.

ಮಂಗಳವಾರ ಬೆಳಿಗ್ಗೆ ಸೂಪರ್‌ವೈಸರ್ ಮಗಳ ಶಾಲೆಗೆ ಹೋಗಿದ್ದ, ಬಂದದ್ದು ಹನ್ನೊಂದಕ್ಕೆ. ಅವನ ಕೀಲಿ ಅವನ ಜೊತೆಗೇ ಇತ್ತು. ಹಾಗಾದರೆ ಬಳಸಿದ್ದು ಡ್ರಾಯರಿನ ಕೀಲಿ. ಒಂಬತ್ತು ನಲವತ್ತಕ್ಕೆ ತಾನು ಹಿತ್ತಲಿಗೆ ಹೋಗಿದ್ದಳು, ನೀರಿನ ಕ್ಯಾನು ಇಳಿಸಿಕೊಳ್ಳಲು. ಆ ಹತ್ತು ನಿಮಿಷ ಈ ಕುರ್ಚಿಯಲ್ಲಿ ಕೂತಿದ್ದವಳು ನಾದಿನಿ.

ಆಮೇಲೆ ನೋಡಿದ್ದಕ್ಕೆಲ್ಲ ಅರ್ಥ ಹುಟ್ಟಿಕೊಂಡಿತು. ನಾದಿನಿ ಈಚೆಗೆ ಬೈಂಡರ್ ಜೊತೆ ಮೆಟ್ಟಿಲ ಮೇಲೆ ನಿಂತು ಪಿಸುಗುಟ್ಟಿದ್ದು, ತನ್ನನ್ನು ಕಂಡ ಕೂಡಲೇ ಪೊರಕೆ ಎತ್ತಿಕೊಂಡಿದ್ದು. ಮನೆಯಲ್ಲಿ ನಾದಿನಿಯ ಚೀಲ ಮೊಳೆಗೆ ತೂಗಿದ್ದರೆ ಆಪರೇಟರಮ್ಮನ ಕಣ್ಣು ಅಲ್ಲೇ. ಎರಡು ದಿನ ಹೊಟ್ಟೆಯಲ್ಲಿಟ್ಟುಕೊಂಡು, ಮೂರನೇ ದಿನ ಗಂಡನ ಎದುರಿಗೇ ಕೇಳಿಬಿಟ್ಟಳು.

"ಕೀಲಿ ತಗೊಂಡಿದ್ದು ನೀನೇ ತಾನೇ?"

"ಯಾವ ಕೀಲಿ ಅತ್ತಿಗೆ?"

"ಸುಮ್ಮನೆ ನಾಟಕ ಬೇಡ. ಬೈಂಡರ್ ಒತ್ತು ಅಂದ, ನೀನು ಒತ್ತಿದೆ. ಪೆಟ್ಟಿಗೆಯಲ್ಲಿ ಸಮಯ ಬರೆದಿದೆ."

ನಾದಿನಿ ಅಣ್ಣನ ಮುಖ ನೋಡಿದಳು. ಅವನು ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದ. "ಕೋಣೆಯಲ್ಲಿ ಹೊಸ ಮಿಷನ್ ಇದೆ ಅತ್ತಿಗೆ, ಪುಸ್ತಕಕ್ಕೆ ಪ್ಲಾಸ್ಟಿಕ್ ಸುತ್ತಿ ಬಿಸಿ ಮಾಡೋದು. ಬೈಂಡರ್ ಯಾರಿಗೂ ಹೇಳಬೇಡ ಅಂದ್ರು, ಹೇಳಲಿಲ್ಲ. ಅದು ನನ್ನ ತಪ್ಪು. ಆದರೆ ಆ ಪೆಟ್ಟಿಗೆಗೆ ಬೆರಳು ಮುಟ್ಟಿಸಿಲ್ಲ. ಅದರ ಮೇಲೆ ಏನು ಬರೆದಿದೆ ಅಂತ ಓದೋಕೂ ಬರಲ್ಲ ನಂಗೆ."

"ಬರತ್ತೋ ಇಲ್ವೋ ನಂಗೇನು ಗೊತ್ತು," ಎಂದಳು ಆಪರೇಟರಮ್ಮ.

ಅಂದಿನಿಂದ ನಾದಿನಿ ಬೇರೆ ಬಸ್ಸಿಗೆ ಹೋಗತೊಡಗಿದಳು.

ಸಾಕ್ಷಿ ಇನ್ನಷ್ಟು ಗಟ್ಟಿ ಮಾಡೋಣವೆಂದು ಮರುದಿನ ಆಪರೇಟರಮ್ಮ ಮತ್ತೆ ಬಾಣ ಒತ್ತುತ್ತ ಕೂತಳು. ಈ ಸಲ ಇನ್ನೂ ಹಿಂದಕ್ಕೆ, ಝೋನು ದಿನಾ ಕೂಗುತ್ತಿದ್ದ ವಾರಕ್ಕೆ ಹೋದಳು. ಸೋಮವಾರ, ನಾಲ್ಕನೇ ಝೋನ್ ಫೈರ್, ಏಳು ಐವತ್ತೈದು. ಶನಿವಾರ, ಏಳು ಐವತ್ತಾರು. ಅವಳ ಬೆರಳು ನಿಂತಿತು. ಬೆಳಿಗ್ಗೆ ಏಳು ಐವತ್ತೈದಕ್ಕೆ ಕಟ್ಟಡದ ಶಟರಿಗೆ ಬೀಗ. ಒಂಬತ್ತಕ್ಕೆ ಅದನ್ನು ಎತ್ತುವವಳೇ ತಾನು. ಅಲಾರಂ ಕೂಗುತ್ತಿದ್ದದ್ದು ಹನ್ನೊಂದೂಕಾಲಕ್ಕೆ, ಗೋಡೆಯ ಗಡಿಯಾರ ನೋಡಿಕೊಂಡೇ ಓಡಿದ್ದಳು.

ಪ್ಯಾನೆಲ್ ಮೆಕ್ಯಾನಿಕ್‌ಗೆ ಫೋನು ಮಾಡಿದಳು. ಅವನು ಹೇಳಿದ: "ಹೋದ ಸಲ ಬ್ಯಾಟರಿ ಬದಲಾಯಿಸುವಾಗ ಮೂರು ಗಂಟೆಗಿಂತ ಹೆಚ್ಚು ಹೊತ್ತು ಎಲ್ಲಾ ಆಫ್ ಇತ್ತಮ್ಮ. ಒಳಗಿನ ಗಡಿಯಾರ ಅಲ್ಲೇ ನಿಂತು ಆಮೇಲೆ ಶುರುವಾಗಿರತ್ತೆ. ಸರಿ ಮಾಡೋದು ಮರೆತೆ, ತಪ್ಪು ನಂದೇ."

ಮೂರು ಗಂಟೆ ಇಪ್ಪತ್ತು ನಿಮಿಷ. ಅವಳು ಪೆನ್ನು ಹಿಡಿದು ಅಂಗೈ ಮೇಲೆ ಕೂಡಿದಳು. ಒಂಬತ್ತು ನಲವತ್ತಲ್ಲ, ಮಧ್ಯಾಹ್ನ ಒಂದು ಗಂಟೆ. ಅಂದು ಬೈಂಡರ್ ಬಂದದ್ದೇ ಮಧ್ಯಾಹ್ನ, ಬೆಳಿಗ್ಗೆ ಝೋನು ಕೂಗದಿದ್ದದ್ದು ಅದಕ್ಕೇ. ಮಂಗಳವಾರ ಒಂದು ಗಂಟೆಗೆ ಸೂಪರ್‌ವೈಸರ್ ಎಂದೂ ಇಲ್ಲದ ಅಕ್ಕರೆಯಿಂದ, "ನೀವು ಆರಾಮಾಗಿ ಊಟ ಮಾಡಿ ಬನ್ನಿ, ನಾನಿರ್ತೀನಿ," ಎಂದಿದ್ದ. ಹಾಲನ್ನೂ ಮೂಸಿ ನೋಡುವವಳು ಆ ಮಾತನ್ನು ಮೂಸಿರಲಿಲ್ಲ. ಯಾಕೆಂದರೆ ಅದು ಅವಳಿಗೆ ಹಿತವಾಗಿತ್ತು. ಅವಳು ಎಲ್ಲರನ್ನೂ ಅನುಮಾನಿಸಿದ್ದಳು, ಪೆಟ್ಟಿಗೆಯೊಂದನ್ನು ಬಿಟ್ಟು.

ನಾದಿನಿ ಆಗ ಮೇಲೆ ಗುಡಿಸುತ್ತಿದ್ದಳು. ಹೋಗಿ ಮಾತಾಡಬೇಕೆಂದು ಎದ್ದವಳು ಮೆಟ್ಟಿಲ ತನಕ ಹೋಗಿ ಧೈರ್ಯ ಸಾಲದೆ ಹಿಂದಿರುಗಿದಳು. ಆದರೆ ಕಟ್ಟಿದ ಝೋನನ್ನು ಬಿಚ್ಚಲು ಧೈರ್ಯ ಬೇಕಿರಲಿಲ್ಲ. ಕೀಲಿ ತಿರುಗಿಸಿ, ಮುದುಕ ತೋರಿಸಿದ ಕ್ರಮದಲ್ಲೇ ಬಟನ್ ಒತ್ತಿದಳು. ಹಳದಿ ದೀಪ ಆರಿತು.

ಮಾರನೆಯ ದಿನ ಹನ್ನೊಂದು ದಾಟಿತ್ತಷ್ಟೆ, ಪ್ಯಾನೆಲ್ ಕಿರುಚಿಕೊಂಡಿತು. ಅದರ ಹಿಂದೆಯೇ ಎಲ್ಲ ಮಹಡಿಗಳ ಹೂಟರ್‌ಗಳು. ಸೂಪರ್‌ವೈಸರ್ ಓಡಿಬಂದ.

"ಯಾರು ಆನ್ ಮಾಡಿದ್ದು ಇದನ್ನ? ಸೈಲೆನ್ಸ್ ಒತ್ರಿ."

"ಮೇಲೆ ಹೋಗಿ ನೋಡ್ಕೊಂಡು ಬನ್ನಿ ಸಾರ್, ಆಮೇಲೆ ಒತ್ತೀನಿ."

"ಅಲ್ಲಿ ಏನೂ ಇಲ್ಲ ಅಂತ ನಂಗೆ ಗೊತ್ತು."

"ನಿಮಗೆ ಹೇಗೆ ಗೊತ್ತು ಅಂತ ನಂಗೂ ಗೊತ್ತು. ಹೋಗಿ ನೋಡಿ."

ಅವಳು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಪ್ಯಾನೆಲ್ಲಿಗೆ ಬೆನ್ನು ಕೊಟ್ಟು ನಿಂತಳು. ಅವನು ಗೊಣಗುತ್ತ ಮೆಟ್ಟಿಲು ಹತ್ತಿದ. ಅವನು ಬರುವವರೆಗೆ ಕಾಯದೆ ಅವಳು ಅಗ್ನಿಶಾಮಕದವರಿಗೆ ಫೋನು ಹಚ್ಚಿದಳು. ವಿಳಾಸ, ಮಹಡಿ, ದಾರಿ, ಒಳಗೆ ಎಷ್ಟು ಜನ. ಹಳೆಯ ಬೋರ್ಡಿನ ದನಿಯಲ್ಲಿ ಒಂದು ಅಕ್ಷರ ತೊದಲದೆ ಹೇಳಿದಳು. ಸೂಪರ್‌ವೈಸರ್ ಕೆಮ್ಮುತ್ತ ಇಳಿದು ಬಂದ. ಮಿಷನ್ನಿನ ಪಕ್ಕ ಪ್ಲಾಸ್ಟಿಕ್ ಚೂರುಗಳ ರಾಶಿಗೆ ಬೆಂಕಿ ಹಿಡಿದು, ಕಾಗದದ ಕಟ್ಟುಗಳಿಗೆ ಹಬ್ಬುತ್ತಿತ್ತು.

ಮೆಟ್ಟಿಲ ತುಂಬ ಜನ ಇಳಿದರು. ಅರ್ಧ ಹಲ್ಲು ಕೊರೆಸಿಕೊಂಡವರು, ಕತ್ತಿನಲ್ಲಿ ಟೇಪು ನೇತುಹಾಕಿಕೊಂಡವರು. ಬೈಂಡರನೂ ಬಂದ. ನಾದಿನಿ ಬರಲಿಲ್ಲ. ಆಪರೇಟರಮ್ಮ ಮುಖಗಳನ್ನು ಎಣಿಸುತ್ತ ನಿಂತಳು. ಎಲ್ಲರಿಗಿಂತ ಕೊನೆಗೆ, ಸೆರಗಿನಿಂದ ಮೂಗು ಮುಚ್ಚಿಕೊಂಡು, ನಾದಿನಿ ಇಳಿದು ಬಂದಳು. ಬೈಂಡರ್ ಬಳಿ ಹಾಳೆ ಮಡಚುವ ಕಿವುಡಿ ಹೆಂಗಸಿನ ಕೈ ಅವಳ ಕೈಯಲ್ಲಿತ್ತು. ಹೂಟರ್ ಕೇಳಿಸದ ಆ ಹೆಂಗಸು ಮೂಲೆಯಲ್ಲಿ ತನ್ನ ಪಾಡಿಗೆ ತಾನು ಮಡಚುತ್ತ ಕೂತಿದ್ದಳಂತೆ.

ಕೋಣೆ ಸುಟ್ಟಿತು, ಮಿಷನ್ ಸುಟ್ಟಿತು, ಮನುಷ್ಯರಿಗೆ ಏನೂ ಆಗಲಿಲ್ಲ.

ನಾಲ್ಕು ದಿನದ ನಂತರ ಕಟ್ಟಡದ ಮಾಲೀಕರು ಮತ್ತು ಅಗ್ನಿಶಾಮಕದ ಅಧಿಕಾರಿ ವಿಚಾರಣೆಗೆ ಕೂತರು. ಝೋನು ಕಟ್ಟಿದ್ದು ಯಾರು ಎಂಬ ಪ್ರಶ್ನೆ ಬಂತು. ಸೂಪರ್‌ವೈಸರ್ ದಾಖಲೆ ಓದಿ ತಯಾರಾಗಿಯೇ ಬಂದಿದ್ದ.

"ಒಂಬತ್ತು ನಲವತ್ತಕ್ಕೆ ನಾನು ಶಾಲೆಯಲ್ಲಿದ್ದೆ ಸಾರ್. ಆ ಹೊತ್ತಲ್ಲಿ ಕುರ್ಚಿಯಲ್ಲಿ ಕೂತಿದ್ದು ಈ ಗುಡಿಸೋಳು. ಬೇಕಾದ್ರೆ ಅವಳ ಅತ್ತಿಗೆನೇ ಕೇಳಿ."

ಎಲ್ಲರೂ ಆಪರೇಟರಮ್ಮನ ಕಡೆ ತಿರುಗಿದರು. ಬಾಗಿಲಿಗೆ ಒರಗಿ ನಿಂತಿದ್ದ ನಾದಿನಿ ನೆಲ ನೋಡುತ್ತಿದ್ದಳು. ಅವಳಿಗೆ ಆ ಗಡಿಯಾರದ ವಿಷಯ ಇನ್ನೂ ಗೊತ್ತಿರಲಿಲ್ಲ.

"ಕೂತಿದ್ದು ನಿಜ," ಎಂದಳು ಆಪರೇಟರಮ್ಮ. "ಆದರೆ ಆ ಸಮಯ ಸುಳ್ಳು." ಎದ್ದು ಹೋಗಿ ಪ್ಯಾನೆಲ್ ತೆರೆದು ಏಳು ಐವತ್ತೈದರ ಸಾಲು ತೋರಿಸಿದಳು. ಬೆಂಕಿಯ ದಿನದ ದಾಖಲೆಯೂ ಮೂರು ಗಂಟೆ ಇಪ್ಪತ್ತು ನಿಮಿಷ ಹಿಂದಿತ್ತು, ಅಗ್ನಿಶಾಮಕದವರ ಪುಸ್ತಕದಲ್ಲಿ ಅವಳ ಫೋನು ಬಂದ ಸಮಯ ಸರಿಯಾಗಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟ ಮೇಲೆ ಅಧಿಕಾರಿ ಕೇಳಿದ್ದು ಒಂದೇ: "ಹಾಗಾದ್ರೆ ಮಂಗಳವಾರ ಮಧ್ಯಾಹ್ನ ಒಂದು ಗಂಟೆಗೆ ಇಲ್ಲಿ ಯಾರಿದ್ರು?" ಸೂಪರ್‌ವೈಸರ್ ಒಮ್ಮೆ ಬೈಂಡರ್ ಕಡೆ ನೋಡಿದ. ಬೈಂಡರ್ ಉಗುರು ನೋಡಿಕೊಳ್ಳುತ್ತಿದ್ದ. ಅಲಾರಂ ಬಗ್ಗೆ ದಿನಾ ದೂರು ಕೇಳಿ ಕೇಳಿ ಸಾಕಾಗಿ ಒತ್ತಿಬಿಟ್ಟೆ ಎಂದು ಸೂಪರ್‌ವೈಸರ್ ಒಪ್ಪಿಕೊಳ್ಳಲು ಬಹಳ ಹೊತ್ತು ಬೇಕಾಗಲಿಲ್ಲ.

"ನಿಮಗೆ ಗಡಿಯಾರ ತಪ್ಪು ಅಂತ ಯಾವಾಗ ಗೊತ್ತಾಯ್ತು?" ಎಂದು ಮಾಲೀಕರು ಕೇಳಿದರು.

ಅವಳು ನಾದಿನಿಯ ಕಡೆ ತಿರುಗಿಯೇ ಹೇಳಿದಳು. "ತಡವಾಗಿ ಸಾರ್. ಮೊದಲು ನಾನೂ ಇವಳೇ ಅಂತ ನಂಬಿದ್ದೆ. ಮನೆಯಲ್ಲಿ ಬಾಯಿಗೆ ಬಂದ ಹಾಗೆ ಅಂದೆ. ಗೊತ್ತಾದ ಮೇಲೂ ಹೇಳೋಕೆ ನಾಚಿಕೆಯಾಗಿ ಸುಮ್ಮನಿದ್ದೆ."

ನಾದಿನಿ ಬಕೆಟ್ ಎತ್ತಿಕೊಂಡು ಹೊರಗೆ ಹೋದಳು.

ಸೂಪರ್‌ವೈಸರ್ ಕೆಲಸ ಕಳೆದುಕೊಂಡ, ಬೈಂಡರ್ ಬೇರೆ ಜಾಗ ನೋಡಿಕೊಂಡ. ಪ್ಯಾನೆಲ್ ನೋಡಿಕೊಳ್ಳುವ ಪೂರ್ತಿ ಜವಾಬ್ದಾರಿ ಆಪರೇಟರಮ್ಮನ ಹೆಗಲಿಗೆ ಬಂತು. ಮನೆಯಲ್ಲಿ ಮಾತ್ರ ನಾದಿನಿ ಒಂದೂವರೆ ತಿಂಗಳು ಅಣ್ಣನ ಮೂಲಕವೇ ಮಾತಾಡಿದಳು. "ಉಪ್ಪು ಮುಗಿದಿದೆ ಅಂತ ಅವರಿಗೆ ಹೇಳಣ್ಣ." ಆಪರೇಟರಮ್ಮ ಅದನ್ನು ಅನುಭವಿಸಿದಳು. ಸಮಜಾಯಿಷಿ ಕೊಡಲು ಹೋಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಆಪರೇಟರಮ್ಮ ತರಕಾರಿ ಹೆಚ್ಚುತ್ತಿದ್ದಾಗ ನಾದಿನಿ ಒಂದು ಹಳೆಯ ನೋಟುಬುಕ್ಕು ತಂದು ಎದುರಿಗೆ ಕೂತಳು.

"ಆ ಪೆಟ್ಟಿಗೆ ಮೇಲಿರೋ ಅಕ್ಷರ ಬರೆದುಕೊಡಿ ಅತ್ತಿಗೆ. ಓದೋಕೆ ಬರದಿದ್ರೆ ನಾಳೆ ಮತ್ತೆ ಯಾರಾದ್ರೂ ನನ್ನ ಹೆಸರು ಹೇಳ್ತಾರೆ."

ಆಪರೇಟರಮ್ಮ ಕೈ ಒರೆಸಿಕೊಂಡು ಪೆನ್ಸಿಲ್ ತೆಗೆದುಕೊಂಡಳು. ಮೊದಲು ಬರೆದದ್ದು ಫೈರ್ ಎಂದು. ನಾದಿನಿ ಅದರ ಕೆಳಗೆ, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಗೆರೆ ಎಳೆಯತೊಡಗಿದಳು.