ಮೊಣಕಾಲಿಗೆ ಯಾರು ವಜೀಫಾ ಕೊಡುತ್ತಾರೆ?

ಮಖ್ತಲ್‌ನಲ್ಲಿ ಮುಪ್ಪು ಎರಡು ಬಗೆಯಾಗಿ ಬರುತ್ತಿತ್ತು. ಹೊಲದವರಿಗೆ ಹೇಳದೆ ಕೇಳದೆ ಬರುತ್ತಿತ್ತು. ಸರಕಾರಿ ನೌಕರರಿಗೆ ಮಾತ್ರ ತಾರೀಖು ಹಾಕಿಕೊಂಡು ಬರುತ್ತಿತ್ತು. ಆ ತಾರೀಖಿನ ಮೇಲೆ, ಮನೆಯಲ್ಲಿ ಕೂತವನಿಗೂ ನಿಜಾಮ ಸರಕಾರ ತಿಂಗಳಿಗಿಷ್ಟೆಂದು ಕೊಡುವ ಹಣಕ್ಕೆ ವಜೀಫಾ ಎಂದು ಹೆಸರು. ದುಡಿದು ಪಡೆವ ಸಂಬಳಕ್ಕಿಲ್ಲದ ಮರ್ಯಾದೆ ದುಡಿಯದೆ ಪಡೆವ ಈ ಹಣಕ್ಕಿತ್ತು. ಹೆಣ್ಣು ಕೊಡುವವರು ವರನ ಮೋರೆ ನೋಡುವ ಮೊದಲು ಅವನ ವಜೀಫಾ ವಿಚಾರಿಸುತ್ತಿದ್ದರು. ಮೀಸೆ ಚಿಗುರುವ ಮುಂಚೆಯೇ ಮುಪ್ಪಿನ ಏರ್ಪಾಡು.

ನಾನಾಗ ಅಲ್ಲಿ ಶಾಲಾ ಮಾಸ್ತರ. ಕನ್ನಡದಲ್ಲಿ ಅಳುವ, ತೆಲುಗಿನಲ್ಲಿ ಚೌಕಾಸಿ ಮಾಡುವ ಮಕ್ಕಳಿಗೆ ಉರ್ದುವಿನಲ್ಲಿ ಲೆಕ್ಕ ಕಲಿಸುವುದು ನನ್ನ ಕೆಲಸ. ಸಂಬಳ ನನ್ನ ಕಿಸೆಯಲ್ಲಿ ನೆಂಟನಂತೆ ಬಂದು ಹೋಗುತ್ತಿತ್ತು. ವಸ್ತಿ ಮಾಡಿದ್ದೇ ಅಪರೂಪ. ಇಂಥ ನಾನು ಬಾಡಿಗೆಗೆ ಇದ್ದದ್ದು ತಹಸೀಲು ಕಚೇರಿಯ ಗುಮಾಸ್ತರಾದ ಬಸಲಿಂಗಪ್ಪನವರ ಮನೆಯ ಮುಂದಿನ ಕೋಣೆಯಲ್ಲಿ.

ಕೂಡಿಡುವುದರಲ್ಲಿ ಬಸಲಿಂಗಪ್ಪನವರು ಪಕ್ಷಪಾತ ಮಾಡುತ್ತಿರಲಿಲ್ಲ. ಹಣ ಕೂಡಿಡುತ್ತಿದ್ದರು, ರಜೆ ಕೂಡಿಡುತ್ತಿದ್ದರು, ನಾರಾಯಣಪೇಟೆಯಿಂದ ತಂದ ಒಳ್ಳೆಯ ಧೋತರವನ್ನು ಪೆಟ್ಟಿಗೆಯಲ್ಲಿಟ್ಟು ತೇಪೆಯದನ್ನು ಉಡುತ್ತಿದ್ದರು. ಎಲ್ಲಕ್ಕೂ ಒಂದೇ ಉತ್ತರ: ವಜೀಫಾ ಆಗಲಿ. ನಾನು ಇದನ್ನು ಹಾಸ್ಯ ಮಾಡುತ್ತಿದ್ದೆ, ತಿಂಗಳ ಕೊನೆಯಲ್ಲಿ ಅವರಿಂದಲೇ ಕೈಗಡ ಪಡೆಯುತ್ತಿದ್ದೆ. ಉಳಿತಾಯದ ಬಗ್ಗೆ ಹಾಸ್ಯ ಮಾಡಲು ಪಕ್ಕದಲ್ಲಿ ಉಳಿಸುವವನೊಬ್ಬ ಇರಲೇಬೇಕು.

ಅವರ ಹೆಂಡತಿ ನೀಲಮ್ಮನವರಿಗೆ ಇದ್ದದ್ದು ಒಂದೇ ಆಸೆ: ಶಿವರಾತ್ರಿಗೆ ಶ್ರೀಶೈಲ, ಅದೂ ಕಾಡಿನ ದಾರಿ ಹಿಡಿದು ನಡೆದೇ. ಮದುವೆಯಾದ ಹೊಸದರಲ್ಲಿ ಕೇಳಿದ್ದರಂತೆ. ವಜೀಫಾ ಆಗಲಿ, ಇಬ್ಬರೂ ನಿಶ್ಚಿಂತೆಯಿಂದ ಹೋಗೋಣ ಎಂದಿದ್ದರಂತೆ ಇವರು. ಆಕೆ ಕಾದರು. ಆ ವರ್ಷ ಚಳಿಗಾಲದಲ್ಲಿ ಆಕೆಯ ಮೊಣಕಾಲು ಬಾತು, ಬಾವಿಯಿಂದ ಕೊಡ ತರುವಾಗ ನಡುವೆ ಕೂತು ಏಳುವಂತಾಯಿತು. ವಜೀಫಾಕ್ಕೆ ಇನ್ನೂ ಎರಡು ವರ್ಷವಿತ್ತು.

ಮಾಘ ಮಾಸದಲ್ಲಿ ಒಂದು ಬೆಳಿಗ್ಗೆ, ಗುಂಡುಮಾಲ್ ಕಡೆಯ ಕುರುಬರ ಮಲ್ಲಮ್ಮ ಬಂದು ಅಂಗಳದಲ್ಲಿ ಕೂತಳು. ನೀಲಮ್ಮನವರು ಗಂಡನಿಗೆ ರೊಟ್ಟಿ ಬಡಿಸುತ್ತ, ಮಲ್ಲಮ್ಮನ ಜೊತೆ ಶ್ರೀಶೈಲಕ್ಕೆ ಹೊರಟಿರುವುದಾಗಿ ತಿಳಿಸಿದರು. ಖರ್ಚಿಗೆ ಎಲ್ಲಿಂದ ಎಂದು ಇವರು ಕೇಳಿದರು. ಕುರಿ ಮಾರಿದೆ ಎಂದರು ಆಕೆ. ಬಸಲಿಂಗಪ್ಪನವರು ತಮ್ಮ ಮನೆಯಲ್ಲಿ ಎಂದೂ ಕುರಿ ಕಂಡವರಲ್ಲ.

ಸಂಗತಿ ಇಷ್ಟೆ. ಬಹಳ ಹಿಂದೆ ತುಪ್ಪ ಮಾರಿದ ದುಡ್ಡಿನಲ್ಲಿ ಆಕೆ ಒಂದು ಹೆಣ್ಣು ಮರಿ ಕೊಂಡು ಮಲ್ಲಮ್ಮನ ಗಂಡನಿಗೆ ಪಾಲಿಗೆ ಬಿಟ್ಟಿದ್ದರು. ಮೇಯಿಸುವುದು ಅವರದು, ಮರಿಗಳಲ್ಲಿ ಅರ್ಧ ನೀಲಮ್ಮನವರದು. ಒಂದು ವರ್ಷ ರೋಗ ಬಂದು ಬಹುಪಾಲು ಸತ್ತವು, ಮತ್ತೆ ಬೆಳೆದವು. ಪೆಟ್ಟಿಗೆಯ ಹಣ ಎಂದೂ ಈಯುವುದಿಲ್ಲ. ಆದರೆ ಅದಕ್ಕೆ ರೋಗವೂ ಬರುವುದಿಲ್ಲ. ಯಾವುದು ಮೇಲೆಂದು ಲೆಕ್ಕದ ಮಾಸ್ತರನಾದ ನನಗೂ ಹೇಳಲಾಗದು. ಅಷ್ಟು ವರ್ಷ ಮನೆಯಲ್ಲಿ ಕೂಡಿಡುವವರು ತಾವೊಬ್ಬರೇ ಎಂದುಕೊಂಡಿದ್ದ ಬಸಲಿಂಗಪ್ಪನವರು ಮುರಿದ ತುತ್ತನ್ನು ಮತ್ತೆ ತಾಟಿಗಿಟ್ಟರು.

"ಇನ್ನ ಎರಡು ವರ್ಷ ತಡಿ," ಎಂದರು. "ವಜೀಫಾ ಆದ ಕೂಡ್ಲೇ ನಾನ ಕರ್ಕೊಂಡು ಹೋಗತೀನಿ."

"ನಿಮಗ ಸರಕಾರ ವಜೀಫಾ ಕೊಡತೈತಿ," ಎಂದರು ನೀಲಮ್ಮ, ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ. "ನನ್ನ ಮೊಣಕಾಲಿಗೆ ಯಾರು ಕೊಡತಾರ್ರೀ?"

ಅವರು ಕೈ ತೊಳೆದು ಕಚೇರಿಗೆ ಹೋದರು. ಜಗಳವಾಗಲಿಲ್ಲ, ಅನುಮತಿಯೂ ಸಿಗಲಿಲ್ಲ. ಸಂಜೆ ಮಾತ್ರ ತಡವಾಗಿ ಬಂದು, ಬಟ್ಟೆಯ ಸಣ್ಣ ಗಂಟೊಂದನ್ನು ಹೆಂಡತಿಯ ಮುಂದಿಟ್ಟರು.

"ಕಲ್ದಾರ ಅದಾವ. ತುಂಗಭದ್ರಾ ದಾಟಿದ ಮ್ಯಾಲೆ ನಮ್ಮ ಹಾಲಿ ನಡಿಯಂಗಿಲ್ಲ."

ನಮ್ಮ ಸಂಸ್ಥಾನಕ್ಕೆ ತನ್ನದೇ ನಾಣ್ಯವಿತ್ತು, ಹಾಲಿ. ತುಂಗಭದ್ರೆಯಾಚೆ ಇಂಗ್ಲಿಷರ ಆಳ್ವಿಕೆಯ ಮುಲುಕು. ಅಲ್ಲಿ ಕಲ್ದಾರ ರೂಪಾಯಿ. ಈ ದಡದ ಸಾಹುಕಾರ ಆ ದಡಕ್ಕೆ ಕಾಲಿಟ್ಟರೆ ಚಹಾಕ್ಕೂ ಪರದಾಡಬೇಕು. ವಯಸ್ಸಿಗೂ ಹೀಗೊಂದು ನದಿ ಇದೆಯೆಂದು ನನಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಮುಪ್ಪಿನ ದಡದಲ್ಲಿ ಏನು ನಡೆಯುತ್ತದೆ ಎಂದು ಈ ದಡದಿಂದ ಕಾಣುವುದಿಲ್ಲ. ಅಲ್ಲಿ ನಾಣ್ಯ ಬದಲಿಸಿಕೊಡುವ ಅಂಗಡಿಯೂ ಇಲ್ಲ.

ಕೃಷ್ಣೆಯನ್ನು ಹರಿಗೋಲಿನಲ್ಲಿ ದಾಟಿ, ಗದ್ವಾಲದಲ್ಲಿ ರೈಲು ಹತ್ತಿ, ಇಳಿದಲ್ಲಿಂದ ಕಾಡಿನ ದಾರಿ ನಡೆಯಲೆಂದು ಹೆಂಗಸರಿಬ್ಬರೂ ಹೋದರು. ಇತ್ತ ಬಸಲಿಂಗಪ್ಪನವರು ತಾವೇ ಅಂಬಲಿ ಕಾಯಿಸಿ ನನಗೂ ಕೊಟ್ಟರು. ಅದರ ರುಚಿಯ ಬಗ್ಗೆ ನಾವಿಬ್ಬರೂ ಮಾತಾಡಲಿಲ್ಲ. ದಿನವೂ ಸಂಜೆ ಗದ್ವಾಲದ ದಾರಿಯ ಕಡೆ ಅಡ್ಡಾಡಲು ಹೋಗುತ್ತಿದ್ದರು. ಗಾಳಿ ಒಳ್ಳೆಯದು ಎನ್ನುತ್ತಿದ್ದರು.

ನೀಲಮ್ಮನವರು ಬಂದಾಗ ಪಾದಗಳು ಬಾತು ಒಡೆದಿದ್ದವು, ಮೋರೆ ಮಾತ್ರ ಹಬ್ಬದಂತಿತ್ತು. ಅದು ಆಕೆಯ ಕೊನೆಯ ದೊಡ್ಡ ನಡಿಗೆ. ಮರುವರ್ಷ ಆಕೆಗೆ ಊರ ಬಾಗಿಲಾದ ಅಗಸಿಯವರೆಗೆ ಹೋಗಲೂ ಕೋಲು ಬೇಕಾಯಿತು. ಗಂಡ ಮಾತ್ರ ಸಂಜೆ ಕಚೇರಿಯಿಂದ ಬಂದು ಕಟ್ಟೆಯ ಮೇಲೆ ಕೂತು, ಆ ಕಾಡಿನಲ್ಲಿ ನೀರು ಎಲ್ಲಿ ಸಿಕ್ಕಿತು, ಯಾವ ಏರಿನಲ್ಲಿ ಮಲ್ಲಮ್ಮ ಕೈ ಹಿಡಿದಳು, ಶಿಖರ ಮೊದಲು ಕಂಡದ್ದು ಎಲ್ಲಿಂದ ಎಂದು ಕೇಳುತ್ತಿದ್ದರು. ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದರು. ಆಕೆಗೂ ಬೇಸರವಿರಲಿಲ್ಲ.

ಕೊನೆಗೆ ವಜೀಫಾ ಆಯಿತು. ಕೊನೆಯ ಸಂಬಳ ಎಣಿಸಿಕೊಂಡು ಕಚೇರಿಯಿಂದ ಬಂದ ಮರುದಿನವೇ ಮನೆಯ ಮುಂದೆ ಬಾಡಿಗೆ ಬಂಡಿಯೊಂದು ನಿಂತಿತ್ತು. ಹಬ್ಬವಿಲ್ಲ, ಅಮಾವಾಸ್ಯೆಯಿಲ್ಲ, ಬರೀ ಬುಧವಾರ. ನನ್ನನ್ನೂ ಕರೆದರು. ಕೃಷ್ಣೆಯ ದಡದಲ್ಲಿ ನೀಲಮ್ಮನವರು ಮೊಣಕಾಲಿನವರೆಗೆ ಕಾಲನ್ನು ನೀರಲ್ಲಿ ಬಿಟ್ಟು ಕಲ್ಲಿನ ಮೇಲೆ ಕೂತರು. ಬಸಲಿಂಗಪ್ಪನವರು ಧೋತರ ಎತ್ತಿ ಕಟ್ಟಿ ಪಕ್ಕದಲ್ಲೇ ಕೂತರು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಹಿಂದಿರುಗಿ ಬರುವಾಗ ಆಕೆ, ಬಂಡಿಯ ಅಲುಗಾಟದಲ್ಲಿ, ಗಂಡನನ್ನು ಕೇಳಿದರು: "ಇನ್ನ ಕಚೇರಿ ಇಲ್ಲ. ನಾಳೆ ಏನ್ ಮಾಡವ್ರು?"

ಅವರು ತಲೆ ಕೆರೆದುಕೊಂಡರು. ಹೆಚ್ಚುಕಡಿಮೆ ಒಂದು ಹರದಾರಿ ಯೋಚಿಸಿದರು. ಅಷ್ಟು ವರ್ಷದ ಮುಂದಾಲೋಚನೆಯಲ್ಲಿ ಆ ಗುರುವಾರ ಹೇಗೋ ಬಿಟ್ಟುಹೋಗಿತ್ತು.

"ನಾಳಿಂದು ನಾಳೆ ನೋಡೂಣು," ಎಂದರು.

ನನ್ನ ಕಿವಿಗೆ ಅದು ಬಹಳ ಪರಿಚಯದ ಮಾತು. ನಾನು ಪ್ರತಿ ಸಂಬಳದ ದಿನ ಹೇಳುತ್ತಿದ್ದದ್ದೇ ಅದು. ಅವರ ಬಾಯಲ್ಲಿ ಮಾತ್ರ ಅದಕ್ಕೊಂದು ತೂಕ ಬಂದಿತ್ತು. ಅಂಥ ಮಾತನ್ನು ನಿಶ್ಚಿಂತೆಯಿಂದ ಆಡಲಿಕ್ಕೂ ಮನುಷ್ಯ ಮೊದಲು ಒಂದಿಷ್ಟು ಕೂಡಿಟ್ಟಿರಬೇಕೇನೋ.