ಮೌಸಿನ ಮೇಲಿನ ಕುಂಕುಮ

ತಮಿಳು ಸೀಮೆಯ ಕುರಿಚಿಯ ಕಾರ್ಖಾನೆ ಬೀದಿಗಳಲ್ಲಿ ಮಯಿಲ್‌ಸಾಮಿಯವರ ಶೆಡ್ಡು ಎಲ್ಲಿ ಎಂದು ಯಾರನ್ನು ಕೇಳಿದರೂ ಕೈ ತೋರಿಸುತ್ತಾರೆ. ಜೊತೆಗೆ, ಹುಷಾರು, ಮೂಗಿನ ತುದಿಯಲ್ಲೇ ಕೋಪ ಎಂಬ ಮಾತನ್ನೂ ಬಿಟ್ಟಿಯಾಗಿ ಸೇರಿಸುತ್ತಾರೆ. ಮನೆಮಾತು ಕನ್ನಡವಾದರೂ ಅವರ ಓದುಬರಹವೆಲ್ಲ ತಮಿಳು. ಅವರದು ಪ್ಯಾಟರ್ನ್ ಕೆಲಸ. ಫೌಂಡ್ರಿಯಲ್ಲಿ ಪಂಪಿನ ಭಾಗ ಎರಕ ಹೊಯ್ಯುವ ಮುಂಚೆ ಅದೇ ಆಕಾರವನ್ನು ಮರದಲ್ಲಿ ಮಾಡಿ, ಮರಳಿನಲ್ಲಿ ಒತ್ತಿ ಅಚ್ಚು ತೆಗೆಯಬೇಕು. ಆ ಮರದ ಆಕಾರವೇ ಪ್ಯಾಟರ್ನು. ಕಬ್ಬಿಣ ಆರುವಾಗ ಕುಗ್ಗುತ್ತದೆ, ಆದ್ದರಿಂದ ಮರ ಅಡಿಗೆ ಒಂದು ನೂಲು, ಎಂದರೆ ಇಂಚಿನ ಎಂಟನೇ ಒಂದು ಪಾಲು, ದೊಡ್ಡದಿರಬೇಕು ಎಂದು ಪುಸ್ತಕ ಹೇಳುತ್ತದೆ. ಯಾವ ಫೌಂಡ್ರಿಯ ಕಬ್ಬಿಣ ಎಷ್ಟು ಕುಗ್ಗುತ್ತದೆ, ಯಾವ ಮೂಲೆಯಲ್ಲಿ ಮರಳು ಉದುರುತ್ತದೆ ಎಂಬುದನ್ನು ಪುಸ್ತಕ ಹೇಳುವುದಿಲ್ಲ. ಅದನ್ನು ಮಯಿಲ್‌ಸಾಮಿ ನಲವತ್ತೊಂದು ವರ್ಷ ಬೈಸಿಕೊಂಡು ಕಲಿತು, ಹದಿನಾರು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದರು.

ಉಳಿ ಹಿಡಿದ ಕೈ ನಡುಗಲು ಶುರುವಾದಾಗ ಅವರಿಗೆ ಐವತ್ತೊಂಬತ್ತು. ಬೇರೆಯವರಾಗಿದ್ದರೆ ಜಗಲಿ ಹಿಡಿಯುತ್ತಿದ್ದರು. ಇವರು ಕಂಪ್ಯೂಟರ್ ಕೊಂಡು ಅದರಲ್ಲಿ ನಕ್ಷೆ ತೆಗೆಯಲು ಕಲಿತರು. ಎರಡು ವರ್ಷ ಕೂತು ಹದಿನಾರೂ ನೋಟ್‌ಬುಕ್ಕುಗಳನ್ನು ಅದರೊಳಗೆ ತುಂಬಿದರು. ಎಲ್ಲ ಫೋಲ್ಡರುಗಳೂ ಪರದೆಯ ಮೇಲೇ ಸಾಲಾಗಿ ಇರಬೇಕು. ಅವರ ಶೆಡ್ಡಿನಲ್ಲಿ ಗರಗಸ, ಉಳಿಗಳೂ ಹಾಗೇ ಗೋಡೆಯ ಮೇಲೆ ಕಣ್ಣಿಗೆ ಕಾಣುವಂತೆ ತೂಗುತ್ತವೆ. ಕಳೆದ ಸಂಕ್ರಾಂತಿಯ ಮುನ್ನಾದಿನ, ಭೋಗಿಯ ಮುಂಜಾನೆ, ಹಳೆಯದನ್ನೆಲ್ಲ ಬೆಂಕಿಗೆ ಹಾಕುವಾಗ, ಗೆದ್ದಲು ಹಿಡಿದಿದ್ದ ಆ ನೋಟ್‌ಬುಕ್ಕುಗಳನ್ನೂ ಹಾಕಿಬಿಟ್ಟರು. ಹೆಂಡತಿ ಲಕ್ಷ್ಮಿಯಮ್ಮಾಳ್ ಬೇಡ ಎಂದಿದ್ದರು. ಹೆಂಡತಿಯ ಮಾತು ಕೇಳುವ ಗಂಡಸು ಆ ಬೀದಿಯಲ್ಲಿ ಇನ್ನೂ ಹುಟ್ಟಬೇಕಾಗಿದೆ.

ಆಯುಧಪೂಜೆಯ ವಿಷಯದಲ್ಲಂತೂ ಅವರ ಶಿಸ್ತು ಕೇಳಲೇಬೇಡಿ. ಆ ದಿನ ಯಾವ ಮೆಷಿನ್ನಿನ ಮೇಲೂ ಅರ್ಧ ಕೆಲಸ ಕೂತಿರಬಾರದು, ಲೇತಿನ ಹಿಡಿತದಲ್ಲಿ ಮರದ ಚೂರೂ ಇರಬಾರದು. ಈ ಸಲ ಅದನ್ನು ಸೊಸೆ ಪ್ರಕೃತಿಗೆ ಮೂರು ಬಾರಿ ಹೇಳಿದ್ದರು. ಮೈಸೂರಿನ ಹುಡುಗಿ, ಇಂಜಿನಿಯರು, ಮದುವೆಯಾಗಿ ಬಂದು ಒಂದು ವರ್ಷ. ಒಮ್ಮೆ ಅವಳು, "ಮಾವ, ನನಗೂ ಪ್ಯಾಟರ್ನ್ ಕೆಲಸ ಹೇಳಿಕೊಡ್ತೀರಾ?" ಎಂದು ಕೇಳಿದ್ದಳು. "ಇದು ಕುರಿಚಿ ಮರಳಲ್ಲಿ ಹೊರಳ್ದೋರಿಗೆ ಮಾತ್ರ ಹತ್ತೋದಮ್ಮಾ," ಎಂದು ಅವರು ಅಲ್ಲಿಗೇ ಮುಗಿಸಿದ್ದರು. ಪೂಜೆ ಮುಗಿದ ಸಂಜೆಯೇ ಅವಳೂ ಅವಳ ಗಂಡ ತಿರುಮೂರ್ತಿಯೂ ಮೈಸೂರಿನ ಬಸ್ಸು ಹತ್ತಿದರು.

ಮರುದಿನ ವಿಜಯದಶಮಿ. ಕೆಲಸ ಮತ್ತೆ ಶುರು ಮಾಡುವ ದಿನ, ಕಲಿಯಲು ಕೂರಿಸುವ ದಿನ. ಮಯಿಲ್‌ಸಾಮಿ ಸ್ನಾನ ಮಾಡಿ, ವಿಭೂತಿ ಇಟ್ಟು, ಕಂಪ್ಯೂಟರ್ ಹಾಕಿದರು. ಪರದೆ ಬೆಳಗಿತು. ಎಂದಿನ ಜಲಪಾತದ ಚಿತ್ರ ಬಂತು, ಕೆಳಗಿನ ಪಟ್ಟಿ ಬಂತು. ಚಿತ್ರದ ಮೇಲೆ ಒಂದೇ ಒಂದು ಫೋಲ್ಡರ್ ಇರಲಿಲ್ಲ.

ಆರಿಸಿ ಮತ್ತೆ ಹಾಕಿದರು. ಜಲಪಾತ ಮಾತ್ರ. ಹಿಂದಿನ ವೈರುಗಳನ್ನು ಕಿತ್ತು, ಊದಿ, ಸಿಕ್ಕಿಸಿದರು. ಜಲಪಾತ ಮಾತ್ರ. ನಲವತ್ತೊಂದು ವರ್ಷ ಹೋಯಿತು ಎಂದುಕೊಂಡರು. ಭೋಗಿಯ ಬೆಂಕಿ ಕಣ್ಣ ಮುಂದೆ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಕಂಪ್ಯೂಟರ್ ರಿಪೇರಿಯ ಅರವಿಂದನಿಗೆ ಫೋನ್ ಮಾಡಿದರು. ಅವನು ಪೂರ್ತಿ ಕೇಳಿಸಿಕೊಳ್ಳದೆಯೇ, ಹನ್ನೊಂದು ಗಂಟೆಗೆ ಬರುತ್ತೇನೆ, ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎಂದು ತಮಿಳಿನಲ್ಲಿ ಹೇಳಿ ಇಟ್ಟುಬಿಟ್ಟ. ಫಾರ್ಮ್ಯಾಟ್ ಎಂದರೆ ಒಳಗಿನದನ್ನೆಲ್ಲ ಒರೆಸುವುದು ಎಂಬಷ್ಟು ಮಯಿಲ್‌ಸಾಮಿಗೂ ಗೊತ್ತಿತ್ತು. ನೆಗಡಿ ಬಂತೆಂದು ಮೂಗು ಕೊಯ್ಯುವ ವೈದ್ಯ.

"ಸೊಸೇನ ಕೇಳುಂಗ," ಎಂದರು ಲಕ್ಷ್ಮಿಯಮ್ಮಾಳ್ ಕಾಫಿ ಇಡುತ್ತಾ.

"ಬ್ಯಾಡ. ಎರಕ ಕೆಟ್ರೆ ಪ್ಯಾಟರ್ನ್ ಮಾಡ್ದೋನೇ ತಪ್ಪು ಹುಡುಕ್ಬೇಕು. ಹನ್ನೊಂದು ಗಂಟೆ ತನಕ ಟೈಮ್ ಅದೆ."

ಎರಕ ಕೆಟ್ಟಾಗ ಅವರು ಮೊದಲು ಕೈ ಹಾಕುವವರಲ್ಲ, ನೋಡುವವರು. ಕಾಫಿ ಆರಿ ಕೆನೆ ಕಟ್ಟುವವರೆಗೂ ಆ ಖಾಲಿ ಪರದೆಯನ್ನು ನೋಡಿದರು. ಆಗ ಒಂದು ವಿಷಯ ಹೊಳೆಯಿತು. ಮೂಲೆಯಲ್ಲಿ ಸದಾ ಇರುತ್ತಿದ್ದ ಕಸದ ಬುಟ್ಟಿಯ ಚಿತ್ರವೂ ಇಲ್ಲ. ಅದು ಕಂಪ್ಯೂಟರಿನ ಜೊತೆಯಲ್ಲೇ ಬಂದದ್ದು, ಅವರು ಇಟ್ಟದ್ದಲ್ಲ.

"ಕಳ್ಳ ಬಂದ್ರೆ ಒಡವೆ ಎತ್ತಿಕ್ಕೊಂಡು ಹೋಗ್ತಾನೆ. ಪೊರಕೆ ಯಾಕೆ ಎತ್ತಿಕ್ಕೊಂಡು ಹೋಗ್ತಾನೆ?" ಎಂದರು.

"ಯಾವ ಪೊರಕೆ?" ಎಂದು ಲಕ್ಷ್ಮಿಯಮ್ಮಾಳ್ ಬಾಗಿಲ ಹಿಂದೆ ನೋಡಿದರು.

ಅವರ ಕಣ್ಣು ಪರದೆಯ ಮೂಲೆಯಲ್ಲೇ ಇತ್ತು. ಫೋಲ್ಡರುಗಳು ಹೋಗಿದ್ದರೆ ಬುಟ್ಟಿಯಾದರೂ ಉಳಿಯಬೇಕಿತ್ತು. ಎಲ್ಲವೂ ಒಟ್ಟಿಗೆ ಕಾಣುತ್ತಿಲ್ಲ ಎಂದರೆ, ಹೋದದ್ದಲ್ಲ, ಯಾರೋ ಮರೆಮಾಡಿದ್ದು. ಅವರಿಗೆ ಮೊದಲ ಬಾರಿ ಉಸಿರು ನೆಟ್ಟಗೆ ಬಂತು. ಆದರೆ ಮುಟ್ಟಿದವರು ಯಾರು, ಎಲ್ಲಿ ಮುಟ್ಟಿದರು? ಕನ್ನಡಕ ಏರಿಸಿ ಕೀಬೋರ್ಡನ್ನು ಒಂದೊಂದು ಗುಂಡಿಯಾಗಿ ನೋಡಿದರು. ಪೂಜೆಗೆ ಒರೆಸಿದ್ದು, ಪಳಪಳ ಎನ್ನುತ್ತಿತ್ತು. ಮೌಸನ್ನು ಬೆಳಕಿಗೆ ಹಿಡಿದರು. ಅದರ ಬಲಗುಂಡಿಯ ಮೇಲೆ ಬೆರಳಿನ ಗುರುತು, ಕುಂಕುಮದ್ದು.

ಬಲಗುಂಡಿಯನ್ನು ಅವರು ಹೆಚ್ಚಾಗಿ ಮುಟ್ಟುವುದೇ ಇಲ್ಲ. ಅವರ ಕೆಲಸವೆಲ್ಲ ಎಡಗುಂಡಿಯಲ್ಲೇ ಮುಗಿಯುತ್ತದೆ.

ಜಲಪಾತದ ನಡುವೆ ಬಾಣ ಇಟ್ಟು, ಕುಂಕುಮದ ಮೇಲೆಯೇ ಬೆರಳಿಟ್ಟು ಒತ್ತಿದರು. ಒಂದು ಪಟ್ಟಿ ತೆರೆಯಿತು. ಎಂಟನೇ ಕ್ಲಾಸಿನ ಇಂಗ್ಲಿಷಿನಲ್ಲಿ ಅಕ್ಷರ ಕೂಡಿಸಿ ಓದಿದರು. ಮೊದಲನೆಯದು ‘ವ್ಯೂ’. ಅದರೊಳಗೆ ಇನ್ನೊಂದು ಪಟ್ಟಿ. ಅದರ ಕೊನೆಯ ಸಾಲು ‘ಶೋ ಡೆಸ್ಕ್‌ಟಾಪ್ ಐಕಾನ್ಸ್’. ಮೇಲಿನ ಕೆಲವು ಸಾಲುಗಳ ಮುಂದೆ ಸರಿ ಎಂಬ ಗುರುತಿತ್ತು, ಇದರ ಮುಂದೆ ಇರಲಿಲ್ಲ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಅದನ್ನು ಒತ್ತಿದರು.

ಅರವತ್ತಮೂರು ಫೋಲ್ಡರುಗಳೂ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಕಸದ ಬುಟ್ಟಿಯೂ ಬಂತು. ಮಯಿಲ್‌ಸಾಮಿಯವರ ಕಣ್ಣಲ್ಲಿ ನೀರು ಬಂತು. ಹೆಂಡತಿ ನೋಡಲಿಲ್ಲ ಎಂದು ಅವರು ಈಗಲೂ ನಂಬಿದ್ದಾರೆ.

ಆಮೇಲೆ ಸೊಸೆಗೆ ಫೋನ್ ಮಾಡಿದರು. ಬೈಯಲೆಂದೇ ಮಾಡಿದ್ದು.

"ಅಯ್ಯೋ ಮಾವ, ಹೇಳೋದು ಮರೆತೇಬಿಟ್ಟೆ," ಎಂದಳು ಪ್ರಕೃತಿ. "ಎಲ್ಲಾದಕ್ಕೂ ಕುಂಕುಮ ಇಡ್ತಾ ಬಂದೆ. ಕಂಪ್ಯೂಟರ್ ಮೇಲೆ ಮಾತ್ರ ನಿಮ್ಮ ಕೆಲಸ ಎಲ್ಲ ಹಾಗೇ ಇತ್ತು. ಪೂಜೆ ದಿನ ಯಾವ ಮೆಷಿನ್ ಮೇಲೂ ಕೆಲಸ ಇರಬಾರದು ಅಂತ ನೀವೇ ಹೇಳಿದ್ರಲ್ಲ. ಏನೂ ಅಳಿಸಲಿಲ್ಲ ಮಾವ, ಸಂಜೆ ತಿರುಗಿ ಕಾಣೋ ಹಾಗೆ ಮಾಡೋಣ ಅಂತಿದ್ದೆ. ಬಸ್ಸಿಗೆ ಹೊತ್ತಾಯ್ತು."

ಲೇತು, ಗರಗಸ, ಉಳಿ ಎಲ್ಲ ಎಣಿಸಿದವರು ಅವರು. ತಮ್ಮ ನಲವತ್ತೊಂದು ವರ್ಷ ಕೂತಿದ್ದ ಆ ಪೆಟ್ಟಿಗೆಯನ್ನು ಆಯುಧವೆಂದು ಎಣಿಸಿದವಳು ಮೈಸೂರಿನಿಂದ ಬಂದ ಈ ಹುಡುಗಿ.

"ಸರಿಯಾಗೇ ಮಾಡಿದ್ದೀಯಮ್ಮಾ," ಎಂದರು. ಆಮೇಲೆ, "ಪೇಪರ್ ಪೆನ್ಸಿಲ್ ಅದಾ ಅಲ್ಲಿ?"

"ಇದೆ. ಯಾಕೆ ಮಾವ?"

"ಇವತ್ತು ವಿಜಯದಶಮಿ. ನಾಳೆ ಅಂದ್ರೆ ಆಗಲ್ಲ. ಬರ್ಕೋ. ಮೊದಲ್ನೇ ಪ್ಯಾಟರ್ನು, ಪಂಪಿನ ಮೂತಿ. ಪುಸ್ತಕದಲ್ಲಿ ಅಡಿಗೆ ಒಂದು ನೂಲು ಅಂತ ಅದೆ. ಅದನ್ನ ನಂಬಬ್ಯಾಡ."

ಹನ್ನೊಂದಕ್ಕೆ ಅರವಿಂದ ಬಂದು ಬಾಗಿಲಲ್ಲಿ ನಿಂತ. ಮಯಿಲ್‌ಸಾಮಿ ಕೈಯಲ್ಲೇ ಅವನಿಗೆ ಕೂರಲು ಹೇಳಿ ಫೋನಿನಲ್ಲಿ ಮುಂದುವರಿಸಿದರು.

"ಮಾವ, ನಾನು ಕನ್ನಡದಲ್ಲಿ ಬರ್ಕೊಳ್ತಿದ್ದೀನಿ," ಎಂದಳು ಪ್ರಕೃತಿ. "ನಿಮಗೆ ಓದೋಕೆ ಬರಲ್ವಲ್ಲ."

"ನಾನ್ಯಾಕೆ ಓದ್ಬೇಕು? ನನಗೆ ಗೊತ್ತಿರೋದೇ ತಾನೆ. ನೀ ಬರ್ಕೋ."