ಬೇಡಿಕೆ ಇಲ್ಲದ ಊರು

ಮೂರು ವರ್ಷದ ಹಿಂದಿನ ಮಾತು. ನಾನಾಗ ಹುಬ್ಬಳ್ಳಿಯ ಸಲಹಾ ಸಂಸ್ಥೆಯೊಂದರಲ್ಲಿ ಹಿರಿಯ ಸಾರಿಗೆ ಯೋಜಕಿ. ಏರ್ ಟ್ಯಾಕ್ಸಿ, ಅಂದರೆ ನಾಲ್ಕೈದು ಜನ ಕೂರುವ, ನಿಂತಲ್ಲಿಂದಲೇ ಮೇಲೇಳುವ ವಿದ್ಯುತ್ ವಿಮಾನ, ಮುಂದೆ ಹುಬ್ಬಳ್ಳಿಯಿಂದ ಯಾವ ಊರಿಗೆ ಹಾರಿದರೆ ಎಷ್ಟು ಜನ ಹತ್ತಿಯಾರು ಎಂದು ಅಂದಾಜು ಮಾಡುವ ಕೆಲಸ ಬಂತು. ಇನ್ನೂ ಹುಟ್ಟದ ವಾಹನಕ್ಕೆ ಪ್ರಯಾಣಿಕರನ್ನು ಎಣಿಸುವುದು! ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಯ ಸಮೀಕ್ಷೆಯನ್ನು ಹಟ ಹಿಡಿದು ನಾನೇ ತೆಗೆದುಕೊಂಡೆ. ಮುಧೋಳ ನನ್ನ ತವರು. ನೆಪ ಸಿಕ್ಕರೆ ಬಿಡುವವಳಲ್ಲ.

ನಮ್ಮ ವೃತ್ತಿಯಲ್ಲಿ ‘ಲೇಟೆಂಟ್ ಡಿಮ್ಯಾಂಡ್’ ಎಂಬ ಮಾತಿದೆ. ಅನುಕೂಲವಿಲ್ಲವೆಂದು ಜನ ಇಂದು ಕೈಬಿಟ್ಟಿರುವ ಪ್ರಯಾಣ ಅದು. ಕೇಳಿಯೇ ತಿಳಿಯಬೇಕು. ಬನಹಟ್ಟಿಯ ಸೀರೆ ವ್ಯಾಪಾರಿಯೊಬ್ಬರು, “ಬಾಡಿಗಿ ಇರ್ಲಿ ಬಿಡ್ರಿ, ಸೀರಿ ಗಂಟು ಹಿಡಸ್ತಾವೇನ್ರಿ ಅದರಾಗ?” ಎಂದು ನಗಿಸಿ ಕಳಿಸಿದರು.

ಜಮಖಂಡಿಯ ಆಸ್ಪತ್ರೆಯೊಂದರ ಸ್ಟಾಫ್ ನರ್ಸ್ ಸುಮಿತ್ರಾ ನಗಲಿಲ್ಲ. ಗಂಡನ ನೌಕರಿ ಹುಬ್ಬಳ್ಳಿಯಲ್ಲಿ, ಐದು ವರ್ಷದ ಮಗಳೂ ಅಲ್ಲೇ. ವರ್ಗಾವಣೆಗೆ ಕಾಯುತ್ತಿದ್ದರು, ವಾರದ ರಜೆಗೊಮ್ಮೆ ಬಸ್ಸು ಹತ್ತಿ ಹೋಗಿ ಬರುತ್ತಿದ್ದರು.

“ಒಂದ್ ತಾಸಿನ್ಯಾಗ ಮುಟ್ಟಿಸ್ತದ ಅಂದ್ರ ಯಾವಾಗ ಹೋಗ್ತೀರಿ?” ಎಂದೆ.

“ದಿನಾ ಹೋಗ್ತೇನ್ರಿ ಅಕ್ಕಾರ. ಸಂಜೀಕ ಡ್ಯೂಟಿ ಮುಗಿಸಿ ಹೋಗಿ, ಮಗಳನ್ನ ಮಗ್ಗಲಾಗ ಮಲಗಿಸ್ಕೊಂಡು, ಮುಂಜಾನಿ ಡ್ಯೂಟಿಗೆ ಬರ್ತೇನಿ. ಆಕಿಗೆ ನಾನಿಲ್ಲಂದ್ರ ನಿದ್ದೀನ ಹತ್ತೂದಿಲ್ರಿ.”

ಎಷ್ಟು ಬಾಡಿಗೆ ಕೊಡಬಲ್ಲಿರಿ ಎಂದಾಗ, “ಬಸ್ಸಿನ ಎರಡ ಪಟ್ಟು,” ಎಂದರು. ನಮ್ಮ ಅಂದಾಜಿನ ಬಾಡಿಗೆ ಅದರ ಎಷ್ಟೋ ಪಟ್ಟು.

ಲೆಕ್ಕದ ನಿಯಮ ಸರಳ. ಬಾಡಿಗೆ ಕೊಡಲಾರದವರ ಪ್ರಯಾಣ ಸೊನ್ನೆ. ಹೇಗೆ ತಿರುಗಿಸಿ ಮುರುಗಿಸಿ ನೋಡಿದರೂ ವಿಮಾನ ಹಾರಬಹುದಾದ ಊರುಗಳ ಪಟ್ಟಿಗೆ ಜಮಖಂಡಿ ಸೇರಲಿಲ್ಲ. ‘ಬೇಡಿಕೆ ಇಲ್ಲ’ ಎಂದು ವರದಿ ಕೊಟ್ಟೆ.

ಕೆಲವು ತಿಂಗಳ ನಂತರ ಸುಮಿತ್ರಾ ಫೋನ್ ಮಾಡಿದರು. “ಅಕ್ಕಾರ, ನಮ್ಮೂರ ಬಂತೇನ್ರಿ ಅದರಾಗ?” ಇಲ್ಲವೆಂದೆ, ಬೇಡಿಕೆ ಸಾಲದೆಂದು ವಿವರಿಸಿದೆ. ಅವರು ಮತ್ತೆ ಕೇಳಿದರು: “ಅಂದ್ರ, ಹೋಗಬೇಕನ್ನೋರು ಇಲ್ಲಿ ಯಾರೂ ಇಲ್ಲಂತ ಬರದ್ರೇನ್ರಿ?”

ಲೆಕ್ಕ ತಪ್ಪಿರಲಿಲ್ಲ. ಆದರೂ ಅಂದು ಆ ವರದಿಯನ್ನು ಮತ್ತೊಮ್ಮೆ ತೆಗೆದು ಓದಿದೆ.

ನಮ್ಮ ಅಂದಾಜುಗಳು ಹತ್ತು ಹದಿನೈದು ವರ್ಷ ಮುಂದಿನವು. ಇಂದಿನ ಆಸೆಗಳು ಅಲ್ಲಿಯವರೆಗೆ ಇದ್ದಲ್ಲೇ ಇರುತ್ತವೆ ಎಂದೇ ನಾವು ಲೆಕ್ಕ ಹಾಕುತ್ತೇವೆ. ಹಾಗಲ್ಲವೆಂದು ನನಗೆ ತಿಳಿದದ್ದು ಈ ವರ್ಷ. ಸುಮಿತ್ರಾಗೆ ಕೊನೆಗೂ ಹುಬ್ಬಳ್ಳಿಗೆ ವರ್ಗವಾಯಿತು. ಖುಷಿಯಿಂದ ನೋಡಲು ಹೋದೆ.

“ಛಲೋ ಆತಲ್ಲ, ಇನ್ನ ಮಗಳ ಮಗ್ಗಲಾಗ ಮಲಗಬಹುದು,” ಎಂದೆ.

“ಆತ್ರಿ ಅಕ್ಕಾರ,” ಎಂದರು. “ಆದ್ರ ಆಕಿ ಈಗ ಒಬ್ಬಾಕಿನ ಮಲಗೂದು ಕಲ್ತಾಳ್ರಿ.”